ಕ್ವಿಜ್ ಸಂಜೆ ನಡೆಸುವುದು: ನನ್ನ ತಪ್ಪುಗಳ ಪುಸ್ತಕದಿಂದ

ನಾನು ಮೊದಲ ಸಲ ಕ್ವಿಜ್ ನಡೆಸಿದ ದಿನ ಒಂದು ತಂಡ ಒಂದೇ ಒಂದು ಅಂಕದಿಂದ ಸೋತಿತು. ಸೋಲಿಸಿದ್ದು ನಾನು. ಪ್ರಶ್ನೆ ತೀರಾ ಸಾದಾ: ಮನುಷ್ಯ ಚಂದ್ರನ ಮೇಲೆ ಮೊದಲು ಕಾಲಿಟ್ಟ ದಿನಾಂಕ ಯಾವುದು? ನನ್ನ ಹಾಳೆಯಲ್ಲಿ 1969ರ ಜುಲೈ 20 ಎಂದಿತ್ತು, ಅವರು 21 ಎಂದು ಬರೆದಿದ್ದರು. ಸೊನ್ನೆ ಹಾಕಿದೆ. ಮನೆಗೆ ಬಂದು ತೆಗೆದು ನೋಡಿದರೆ, ನೌಕೆ ಇಳಿದದ್ದು 20ರಂದು. ಆರ್ಮ್‌ಸ್ಟ್ರಾಂಗ್ ಏಣಿ ಇಳಿದು ಕಾಲೂರುವ ಹೊತ್ತಿಗೆ ಅಮೆರಿಕದ ಗಡಿಯಾರದಲ್ಲಿ ಇನ್ನೂ 20ರ ರಾತ್ರಿ, ಆದರೆ ಅಂತರರಾಷ್ಟ್ರೀಯ ಸಮಯದ ಪ್ರಕಾರ 21ರ ಬೆಳಗಿನ ಜಾವ 2 ಗಂಟೆ 56 ನಿಮಿಷ. ಎರಡೂ ಉತ್ತರಕ್ಕೆ ಆಧಾರ ಇದೆ. ಇಲ್ಲದ್ದು ನನ್ನ ಪ್ರಶ್ನೆಗೆ ಮಾತ್ರ.

ಅಂಕ ಬರೆಯುವವಳು ನನ್ನ ತಂಗಿ. "ಅಕ್ಕಾ, ವರ್ಷ ಕೇಳಿದ್ದರೆ ಸಾಕಿತ್ತಲ್ಲ?" ಅಂದಳು. ಸಾಕಿತ್ತು. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಪ್ರತಿ ಕ್ವಿಜ್‌ನಲ್ಲಿ ಎಲ್ಲಿ ಎಡವಿದೆ ಅಂತ ಬರೆದಿಡಲು. ಕೆಳಗಿರುವುದು ಬಹುಪಾಲು ಅದರಲ್ಲಿದ್ದದ್ದೇ.

ಮೊದಲು ಲೆಕ್ಕದ ವಿಷಯ ಮುಗಿಸಿಬಿಡೋಣ. ತಂಡಕ್ಕೆ ನಾಲ್ಕು ಜನ ಚೆನ್ನ, ಐವರಾದರೂ ನಡೆಯುತ್ತದೆ. ಆರು ದಾಟಿದರೆ ಇಬ್ಬರು ಮೂಲೆಯಲ್ಲಿ ಕೂತು ಬೇರೇನೋ ಮಾತಾಡಲು ಶುರುಮಾಡುತ್ತಾರೆ. ಐದು ಸುತ್ತು, ಸುತ್ತಿಗೆ ಎಂಟು ಪ್ರಶ್ನೆ, ಒಟ್ಟು ನಲವತ್ತು. ಪ್ರಶ್ನೆಯನ್ನು ಎರಡು ಸಲ ಓದಿ ಮುಕ್ಕಾಲು ನಿಮಿಷ ಬಿಟ್ಟರೆ ಒಂದು ಸುತ್ತಿಗೆ ಹತ್ತು ಹನ್ನೆರಡು ನಿಮಿಷ. ಹಾಳೆ ಅದಲುಬದಲು ಮಾಡಿ ತಿದ್ದಿ ಅಂಕ ಹೇಳಲು ಇನ್ನೊಂದು ಏಳೆಂಟು ನಿಮಿಷ. ನಡುವೆ ಒಂದು ವಿರಾಮ ಸೇರಿಸಿದರೆ ಎರಡು ಗಂಟೆ. ನನ್ನ ಮೊದಲ ಕ್ವಿಜ್‌ನಲ್ಲಿ ಅರವತ್ತೈದು ಪ್ರಶ್ನೆ ಇದ್ದವು. ಐವತ್ತನೆಯದಕ್ಕೆ ಬರುವಾಗ ಎರಡು ತಂಡಗಳು ಚಪ್ಪಲಿ ಹುಡುಕುತ್ತಿದ್ದವು.

ತಂಡ ಕಟ್ಟುವುದನ್ನು ಬಂದವರಿಗೇ ಬಿಟ್ಟರೆ ಜಾಣರೆಲ್ಲ ಒಂದೇ ಮೇಜಿಗೆ ಸೇರಿಕೊಳ್ಳುತ್ತಾರೆ. ಆಮೇಲೆ ಸಂಜೆಯಿಡೀ ಎರಡನೆಯ ಸ್ಥಾನಕ್ಕಷ್ಟೇ ಪೈಪೋಟಿ. ನಾನು ಜೋಡಿಗಳನ್ನು ಒಡೆಯುವುದಿಲ್ಲ; ಜೊತೆಗೆ ಬಂದ ಇಬ್ಬರನ್ನು ಹಾಗೇ ಬಿಟ್ಟು, ಯಾವ ಜೋಡಿಯ ಜೊತೆ ಯಾವ ಜೋಡಿ ಎನ್ನುವುದಕ್ಕೆ ಮಾತ್ರ ಚೀಟಿ ಎತ್ತಿಸುತ್ತೇನೆ. ಒಂಟಿಯಾಗಿ ಬಂದವರಿಗೂ ಇದರಿಂದ ಮುಜುಗರ ತಪ್ಪುತ್ತದೆ. ವಯಸ್ಸಿನಲ್ಲಿ ಅಂತರ ಇದ್ದಷ್ಟೂ ತಂಡ ಗಟ್ಟಿ.

ಇನ್ನು ಪ್ರಶ್ನೆ. ಸಮಯ ಹೋಗುವುದೆಲ್ಲ ಇಲ್ಲೇ, ಹೋಗಲೂಬೇಕು. ಒಂದು ಉದಾಹರಣೆ ಕೊಡುತ್ತೇನೆ. ಟಂಗ್‌ಸ್ಟನ್ ಬಗ್ಗೆ ಏನಾದರೂ ಕೇಳಬೇಕು ಅನ್ನಿಸಿತು ಅಂದುಕೊಳ್ಳಿ. "ಟಂಗ್‌ಸ್ಟನ್ ಎಷ್ಟು ಡಿಗ್ರಿಯಲ್ಲಿ ಕರಗುತ್ತದೆ?" ಅಂತ ಕೇಳಿದರೆ ಉತ್ತರ 3,422 ಡಿಗ್ರಿ ಸೆಲ್ಸಿಯಸ್. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಮೇಜಿನ ಸುತ್ತ ಯಾರೂ ಬಾಯಿ ಬಿಡುವುದಿಲ್ಲ. ಅದನ್ನೇ ಹೀಗೆ ತಿರುಗಿಸಿ ಕೇಳಿ: "ಉತ್ತರ ಒಂದು ಲೋಹ. ಅದರ ಹೆಸರು ಬಂದದ್ದು ಸ್ವೀಡಿಷ್ ಭಾಷೆಯ ‘ಭಾರವಾದ ಕಲ್ಲು’ ಎಂಬ ಮಾತಿನಿಂದ. ಅದರ ರಾಸಾಯನಿಕ ಚಿಹ್ನೆಯ ಅಕ್ಷರ ಇಂಗ್ಲಿಷ್ ಹೆಸರಿನಲ್ಲಿ ಎಲ್ಲೂ ಬರುವುದಿಲ್ಲ. ಹಳೆಯ ಬಲ್ಬಿನೊಳಗೆ ಕಾದು ಬೆಳಗುತ್ತಿದ್ದ ತಂತಿ ಅದರದ್ದೇ. ಯಾವ ಲೋಹ?" ಈಗ ಒಬ್ಬರು ಚಿನ್ನ, ಸೀಸ, ಕಬ್ಬಿಣ ಅಂತ ಚಿಹ್ನೆಗಳನ್ನು ಬೆರಳಲ್ಲಿ ಎಣಿಸುತ್ತಾರೆ. ಇನ್ನೊಬ್ಬರಿಗೆ ಡಬ್ಲ್ಯೂ ಅನ್ನುವ ಅಕ್ಷರ ಎಲ್ಲೋ ನೋಡಿದ ನೆನಪು, ಅದು ವುಲ್‌ಫ್ರಮ್ ಅನ್ನುವ ಬೇರೆ ಹೆಸರಿನಿಂದ ಬಂದದ್ದು ಅಂತ ಗೊತ್ತಿಲ್ಲ. ವಿಜ್ಞಾನ ಬಿಟ್ಟು ದಶಕಗಳಾದ ಮೂರನೆಯವರು ಬಲ್ಬಿನ ಹಾದಿಯಲ್ಲಿ ನೇರ ಉತ್ತರಕ್ಕೇ ಬಂದುಬಿಡುತ್ತಾರೆ. ಒಂದೇ ಮನೆಗೆ ಮೂರು ಬಾಗಿಲು. ಎರಡಾದರೂ ಇಲ್ಲದ ಪ್ರಶ್ನೆಯನ್ನು ನಾನು ಈಗ ತೆಗೆದುಕೊಳ್ಳುವುದೇ ಇಲ್ಲ.

ಗಮನಿಸಿ, "ಉತ್ತರ ಒಂದು ಲೋಹ" ಅನ್ನುವುದನ್ನು ಮೊದಲೇ ಹೇಳಿದೆ. ಕನ್ನಡದಲ್ಲಿ ಕೇಳುವ ಪದ ಸಾಮಾನ್ಯವಾಗಿ ಕೊನೆಗೆ ಬೀಳುತ್ತದೆ. ಉದ್ದ ವಾಕ್ಯ ಓದುತ್ತ ಹೋದರೆ ಕೇಳುವವರಿಗೆ ಊರು ಹುಡುಕಬೇಕೋ, ವ್ಯಕ್ತಿಯನ್ನೋ, ಪ್ರಾಣಿಯನ್ನೋ ಅನ್ನುವುದು ಕಡೆಯತನಕ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಮೊದಲ ಸುಳಿವು ಮರೆತಿರುತ್ತದೆ. ಇಂಗ್ಲಿಷ್ ಪ್ರಶ್ನೆ ಅನುವಾದ ಮಾಡಿ ತರುವವರು ಮುಗ್ಗರಿಸುವುದು ಇಲ್ಲಿ. ಇನ್ನೊಂದು ಕಡೆಯೂ ಮುಗ್ಗರಿಸುತ್ತಾರೆ: "ಎರಡು ಬೇರೆಬೇರೆ ವಿಜ್ಞಾನಗಳಿಗೆ ನೊಬೆಲ್ ಪಡೆದವಳು ಯಾರು?" ಅಂತ ನಾನೇ ಓದಿದ್ದೆ. "ಪಡೆದವಳು" ಅಂದ ಕೂಡಲೇ ಎಲ್ಲರ ಪೆನ್ನೂ ಓಡಿತು. ನಮ್ಮ ಕ್ರಿಯಾಪದದ ಬಾಲದಲ್ಲಿ ಗಂಡೋ ಹೆಣ್ಣೋ ಅನ್ನುವ ಸುಳಿವು ಕೂತಿರುತ್ತದೆ. "ಪಡೆದವರು", "ಈ ವ್ಯಕ್ತಿ" ಅಂತ ಬರೆದುಕೊಂಡರೆ ಸಮಸ್ಯೆ ಇಲ್ಲ. ಹಾಗೆಯೇ ಮೈಕಿನಲ್ಲಿ ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ಒಂದೇ ತರಹ ಕೇಳಿಸುತ್ತವೆ. ಪ್ರಶ್ನೆಯಲ್ಲಿ ಸಂಖ್ಯೆ ಬಂದರೆ ಅಂಕಿ ಬಿಡಿಸಿ ಹೇಳಿ: "ಎಂಬತ್ತು, ಎಂಟು ಸೊನ್ನೆ."

ಉತ್ತರ ಒಂದೇ ಇರಬೇಕು ಅನ್ನುವುದು ಚಂದ್ರನ ಪಾಠ. ಜಗತ್ತಿನ ಅತಿ ದೊಡ್ಡ ಮರುಭೂಮಿ ಯಾವುದು ಎಂದರೆ ಅರ್ಧ ಜನ ಸಹಾರಾ ಅನ್ನುತ್ತಾರೆ. ಮಳೆ ಹಿಮದ ಲೆಕ್ಕ ಹಿಡಿದರೆ ಅಂಟಾರ್ಕ್ಟಿಕಾವೂ ಮರುಭೂಮಿಯೇ, ಸಹಾರಾಕ್ಕಿಂತ ಬಹಳ ದೊಡ್ಡದು. "ಅತಿ ದೊಡ್ಡ ಉಷ್ಣ ಮರುಭೂಮಿ" ಅಂದರೆ ಜಗಳವಿಲ್ಲ. ಎವರೆಸ್ಟ್ ಎತ್ತರದ್ದೂ ಅದೇ ಕಥೆ. ಸಮುದ್ರಮಟ್ಟದಿಂದ ಅಂತ ಸೇರಿಸದಿದ್ದರೆ, ಸಾಗರದ ತಳದಿಂದ ಅಳೆದರೆ ಹವಾಯಿಯ ಮೌನಾ ಕಿಯಾ ಇನ್ನೂ ಎತ್ತರ ಅಂತ ಒಬ್ಬರು, ಭೂಮಿಯ ಕೇಂದ್ರದಿಂದ ಅತಿ ದೂರದ ಶಿಖರ ಈಕ್ವೆಡಾರ್‌ನ ಚಿಂಬೊರಾಸೊ ಅಂತ ಇನ್ನೊಬ್ಬರು ಎದ್ದು ನಿಲ್ಲುತ್ತಾರೆ. ಇಬ್ಬರೂ ಸರಿ. ಅತಿ ಉದ್ದದ ನದಿ ನೈಲೋ ಅಮೆಜಾನೋ ಅನ್ನುವುದನ್ನಂತೂ ಮುಟ್ಟಬೇಡಿ, ಅಳೆಯುವವರೇ ಒಮ್ಮತಕ್ಕೆ ಬಂದಿಲ್ಲ.

ಹಳಸಿದ ಪ್ರಶ್ನೆಗಳೂ ಇವೆ. ಕಜಕಸ್ತಾನದ ರಾಜಧಾನಿ ಅಸ್ತಾನಾಕ್ಕೆ 2019ರಲ್ಲಿ ನೂರ್-ಸುಲ್ತಾನ್ ಎಂದು ಹೆಸರಿಟ್ಟರು, 2022ರಲ್ಲಿ ಮತ್ತೆ ಅಸ್ತಾನಾ ಮಾಡಿದರು. ಐಫೆಲ್ ಗೋಪುರ 324 ಮೀಟರ್ ಅಂತ ನಾವು ಬಾಯಿಪಾಠ ಮಾಡಿದ್ದೆವು. 2022ರಲ್ಲಿ ತುದಿಗೆ ಹೊಸ ಆಂಟೆನಾ ಕೂರಿಸಿ 330 ಆಯಿತು. ಶನಿಗ್ರಹದ ಉಪಗ್ರಹಗಳ ಲೆಕ್ಕ 2025ರಲ್ಲಿ ಒಂದೇ ಏಟಿಗೆ 128 ಏರಿ 274ಕ್ಕೆ ಹೋಯಿತು. ಹಳೆಯ ಕ್ವಿಜ್ ಪುಸ್ತಕದಿಂದ ಎತ್ತಿದ ಪ್ರಶ್ನೆಯನ್ನು ಆ ವಾರವೇ ಇನ್ನೊಮ್ಮೆ ನೋಡಿ, ಅದೂ ಒಂದರಿಂದ ಒಂದು ನಕಲಾಗದ ಎರಡು ಕಡೆ. ನಕಲಿನ ವಿಷಯಕ್ಕೆ ಒಂದು ಮಜಾ ಇದೆ. ಸಾಮಾನ್ಯ ಜ್ಞಾನದ ಕೋಶವೊಂದನ್ನು ಬರೆದ ಅಮೆರಿಕದ ಫ್ರೆಡ್ ವರ್ತ್, ಕದಿಯುವವರನ್ನು ಹಿಡಿಯಲೆಂದೇ ಟಿವಿ ಪತ್ತೇದಾರ ಕೊಲಂಬೊನ ಮೊದಲ ಹೆಸರು ಫಿಲಿಪ್ ಅಂತ ಸುಳ್ಳು ಸೇರಿಸಿದ್ದ. ಅದು ಟ್ರಿವಿಯಲ್ ಪರ್ಸ್ಯೂಟ್ ಆಟದ ಕಾರ್ಡಿನಲ್ಲಿ ಬಂದೇ ಬಂತು. 1984ರಲ್ಲಿ ಆತ ದಾವೆ ಹೂಡಿದ. ಸಂಗತಿಗಳಿಗೆ ಯಾರದ್ದೂ ಹಕ್ಕಿಲ್ಲ ಎನ್ನುವ ನೆಲೆಯಲ್ಲಿ ಸೋತ. ಕೇಸು ಗೆದ್ದರೂ ಆಟದವರ ಕಾರ್ಡಿನಲ್ಲಿದ್ದದ್ದು ಸುಳ್ಳೇ.

ಎಷ್ಟು ಕಷ್ಟ ಇರಬೇಕು? ಎಂಟರಲ್ಲಿ ಎರಡು ಎಲ್ಲರಿಗೂ ಬರಲಿ, ನಾಲ್ಕು ಅರ್ಧಕ್ಕೆ ಅರ್ಧ ತಂಡಗಳಿಗೆ, ಒಂದು ಎರಡೋ ಮೂರೋ ತಂಡಗಳಿಗೆ, ಕೊನೆಯದು ಒಂದಕ್ಕಾದರೂ. ಯಾರಿಗೂ ಬಾರದ ಪ್ರಶ್ನೆ ಕೇಳಿ ನಕ್ಕರೆ ಅದು ನಿಮ್ಮ ಜಾಣತನದ ಪ್ರದರ್ಶನ ಅಷ್ಟೇ. ಗೆದ್ದವರು ನಲವತ್ತಕ್ಕೆ ಮೂವತ್ತು ಚಿಲ್ಲರೆ, ಕಟ್ಟಕಡೆಯವರು ಹದಿನೈದರ ಮೇಲೆ ಇದ್ದರೆ ಅಂದಿನ ತೂಕ ಸರಿಯಾಗಿತ್ತು ಅಂತ ನನ್ನ ಲೆಕ್ಕ. ಸುತ್ತಿನ ಮೊದಲ ಪ್ರಶ್ನೆ ಸುಲಭದ್ದೇ ಇರಲಿ.

ಐದು ಸುತ್ತೂ ಒಂದೇ ತರಹ ಇರಬಾರದು. ಚಿತ್ರದ ಹಾಳೆಯನ್ನು ವಿರಾಮಕ್ಕೆ ಸ್ವಲ್ಪ ಮೊದಲೇ ಕೊಟ್ಟುಬಿಟ್ಟರೆ ಆ ಹೊತ್ತಿನಲ್ಲೂ ತಲೆ ಓಡುತ್ತಿರುತ್ತದೆ. ಧ್ವನಿ ಸುತ್ತಿಗೆ ತುಣುಕು ಇಪ್ಪತ್ತು ಸೆಕೆಂಡು ಮೀರದಿರಲಿ. ಸ್ಪೀಕರನ್ನು ಜನ ಬರುವ ಮೊದಲೇ ಪರೀಕ್ಷಿಸಿ. ನನಗೆ ಇಷ್ಟವಾದದ್ದು ಕೊಂಡಿ ಸುತ್ತು: ನಾಲ್ಕು ಪ್ರಶ್ನೆ, ಆ ನಾಲ್ಕು ಉತ್ತರಗಳಿಗೂ ಏನು ಸಂಬಂಧ ಅನ್ನುವುದು ಐದನೆಯದು. ಡೈನಮೈಟ್ ಕಂಡುಹಿಡಿದವರು, ಧಾತುಗಳ ಆವರ್ತ ಕೋಷ್ಟಕವನ್ನು 1869ರಲ್ಲಿ ಪ್ರಕಟಿಸಿದವರು, ದ್ಯುತಿವಿದ್ಯುತ್ ಪರಿಣಾಮದ ವಿವರಣೆಗೆ 1921ರ ಭೌತಶಾಸ್ತ್ರದ ನೊಬೆಲ್ ಪಡೆದವರು, 1903ರಲ್ಲಿ ಭೌತಶಾಸ್ತ್ರಕ್ಕೂ 1911ರಲ್ಲಿ ರಸಾಯನಶಾಸ್ತ್ರಕ್ಕೂ ನೊಬೆಲ್ ಪಡೆದವರು. ನೊಬೆಲ್, ಮೆಂಡಲೀವ್, ಐನ್‌ಸ್ಟೈನ್, ಕ್ಯೂರಿ. "ನೊಬೆಲ್ ಪ್ರಶಸ್ತಿ!" ಅಂತ ಅವಸರದವರು ಬರೆದಾಗಿರುತ್ತದೆ. ಆಮೇಲೆ ಯಾರೋ ಒಬ್ಬರು ಪಿಸುಗುಡುತ್ತಾರೆ: ಮೆಂಡಲೀವ್‌ಗೆ ಅದು ಸಿಗಲೇ ಇಲ್ಲವಲ್ಲ? ನೊಬೆಲ್‌ಗೆ ತಾನೇ ಹೇಗೆ ಸಿಗುತ್ತದೆ? ಬರೆದದ್ದನ್ನು ಗೀಚಿ ಹೊಡೆಯುವ ಸದ್ದು ಶುರುವಾಗುತ್ತದೆ. ನಾಲ್ವರ ಹೆಸರಿನಲ್ಲೂ ಒಂದೊಂದು ಧಾತು ಇದೆ, ನೊಬೆಲಿಯಮ್, ಮೆಂಡಲೀವಿಯಮ್, ಐನ್‌ಸ್ಟೈನಿಯಮ್, ಕ್ಯೂರಿಯಮ್. ಆ ಗೀಚುವ ಸದ್ದಿಗಾಗಿಯೇ ನಾನು ಈ ಸುತ್ತನ್ನು ವಿರಾಮ ಮುಗಿದ ತಕ್ಷಣ ಇಡುವುದು.

ತಿದ್ದುವುದು ತಂಡಗಳೇ, ಪಕ್ಕದ ಮೇಜಿನ ಹಾಳೆ ತೆಗೆದುಕೊಂಡು. ಉತ್ತರ ಹೇಳುವುದು ಸುತ್ತು ಮುಗಿದ ಮೇಲೆ, ಪ್ರತಿಯೊಂದರ ಜೊತೆ ಒಂದು ವಾಕ್ಯದ ವಿವರಣೆ. ನಿಯಮಗಳನ್ನು ಶುರುವಿನಲ್ಲೇ ಹೇಳಿ: ಮನೆತನದ ಹೆಸರು ಸಾಕು, ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ, ಅರ್ಧ ಅಂಕ ಇಲ್ಲ. ಅರ್ಧ ಅಂಕ ಒಮ್ಮೆ ಕೊಟ್ಟರೆ ಕಾಲು ಅಂಕ ಕೇಳುವವರು ಬರುತ್ತಾರೆ, ಇದು ತಂಗಿಯ ಅನುಭವ. ತಕರಾರು ಏನಿದ್ದರೂ ಮುಂದಿನ ಸುತ್ತಿನ ಮೊದಲ ಪ್ರಶ್ನೆ ಓದುವ ತನಕ ಮಾತ್ರ. ಪ್ರಶ್ನೆಯೇ ತಪ್ಪಿತ್ತು ಅಂತ ಗೊತ್ತಾದರೆ ಸಮರ್ಥನೆಗೆ ಇಳಿಯಬೇಡಿ, ಎಲ್ಲ ತಂಡಕ್ಕೂ ಆ ಅಂಕ ಕೊಟ್ಟು ಮುಂದೆ ಹೋಗಿ. ಪ್ರತಿ ಸುತ್ತಿನ ಮೊತ್ತವನ್ನು ದೂರದ ಮೇಜಿಗೂ ಕಾಣುವ ಹಾಗೆ ದೊಡ್ಡದಾಗಿ ಬರೆದು ಹಾಕಿ.

ಮೊಬೈಲ್ ಬಗ್ಗೆ ಪೊಲೀಸಗಿರಿ ಮಾಡಿ ನನಗೆ ಸಾಕಾಗಿದೆ. ಮೇಜಿನ ನಡುವೆ ಬೋರಲಾಗಿ ಇಡಲು ಹೇಳುತ್ತೇನೆ, ಅಷ್ಟೇ. ಮುಕ್ಕಾಲು ನಿಮಿಷದಲ್ಲಿ ಹುಡುಕಿ ಸಿಗದ ಪ್ರಶ್ನೆ ಬರೆಯುವುದೇ ನಿಜವಾದ ಕಾವಲು. ಮೂರು ಬಾಗಿಲಿನ ಪ್ರಶ್ನೆ ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಓದುವ ಅಭ್ಯಾಸ ಮಾಡಿಕೊಳ್ಳಿ, ಜೋರಾಗಿ. ಕಣ್ಣಿಗೆ ಸರಿ ಕಂಡದ್ದು ನಾಲಿಗೆಗೆ ಸಿಕ್ಕುವುದಿಲ್ಲ. ವಿದೇಶಿ ಹೆಸರುಗಳ ಉಚ್ಚಾರ ಪಕ್ಕದಲ್ಲೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಉತ್ತರಗಳು ಪ್ರಶ್ನೆಯ ಹಾಳೆಯಲ್ಲಿ ಇರಬಾರದು. ಒಂದು ಸಲ ನಾನು ಪ್ರಶ್ನೆ ಓದಿದ ಭರಕ್ಕೆ ಉತ್ತರವನ್ನೂ ಓದಿಬಿಟ್ಟೆ. ಆ ಸಂಜೆ ಬಿದ್ದಷ್ಟು ಚಪ್ಪಾಳೆ ಮತ್ತೆ ಬಿದ್ದಿಲ್ಲ. ಇಂಥದ್ದಕ್ಕೇ ಅಂತ ಸುತ್ತಿಗೊಂದು ಹೆಚ್ಚುವರಿ ಪ್ರಶ್ನೆ ಇಟ್ಟುಕೊಂಡಿರುತ್ತೇನೆ.

ಟೈ ಆದರೆ ಸಂಖ್ಯೆಯ ಪ್ರಶ್ನೆ ಕೇಳಿ, ಹತ್ತಿರ ಬಂದವರು ಗೆದ್ದರು. ಟಂಗ್‌ಸ್ಟನ್ ಕರಗುವ ಡಿಗ್ರಿ ಇಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ನಾನು ಹೆಚ್ಚಾಗಿ ಕೇಳುವುದು ಇದು: 1903ರ ಡಿಸೆಂಬರ್ 17ರಂದು ರೈಟ್ ಸೋದರರ ವಿಮಾನ ತನ್ನ ಮೊಟ್ಟಮೊದಲ ಹಾರಾಟದಲ್ಲಿ ಎಷ್ಟು ಮೀಟರ್ ದೂರ ಹೋಯಿತು? "ಮೊಟ್ಟಮೊದಲ" ಅನ್ನುವುದನ್ನು ಒತ್ತಿ ಹೇಳಬೇಕು, ಅದೇ ದಿನ ಇನ್ನೂ ಮೂರು ಸಲ ಹಾರಿದ್ದರು, ಕೊನೆಯದು 260 ಮೀಟರ್ ಹೋಗಿತ್ತು. ಉತ್ತರ 12 ಸೆಕೆಂಡಿನಲ್ಲಿ 120 ಅಡಿ, ಅಂದರೆ ಸುಮಾರು 36.5 ಮೀಟರ್. ಎರಡು ತಂಡವೂ ಚೀಟಿಯಲ್ಲಿ ಬರೆದು ಮಡಚಿ ಕೊಡಬೇಕು, ಬಾಯಲ್ಲಿ ಹೇಳಿದರೆ ಎರಡನೆಯವರಿಗೆ ಲಾಭ. ಇನ್ನೊಂದು ಟೈ ಪ್ರಶ್ನೆಯೂ ಜೇಬಿನಲ್ಲಿರಲಿ. ಒಂದು ಸಲ ಎರಡು ಚೀಟಿಯಲ್ಲೂ 50 ಅಂತ ಇತ್ತು.

ಜನ ಹೋದ ಮೇಲೆ ಹಾಳೆಗಳನ್ನು ಬಿಸಾಡುವ ಮೊದಲು ಪ್ರತಿ ಪ್ರಶ್ನೆಯ ಪಕ್ಕ ಎಷ್ಟು ತಂಡಕ್ಕೆ ಬಂತು ಅಂತ ಎಣಿಸಿ ಬರೆಯಿರಿ. ಹದಿನೈದು ನಿಮಿಷದ ಕೆಲಸ, ಮುಂದಿನ ಸಲದ ತೂಕ ಅದರಿಂದಲೇ ಗೊತ್ತಾಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಟಂಗ್‌ಸ್ಟನ್ ಎದುರು "7ಕ್ಕೆ 4" ಅಂತಿದೆ, ಕೊಂಡಿಯ ಧಾತುಗಳಿಗೆ "7ಕ್ಕೆ 2". ಮೊದಲ ಪುಟದಲ್ಲಿ ಚಂದ್ರನ ಎದುರು ತಂಗಿಯ ಕೈಬರಹದಲ್ಲಿ "ಯಾವ ಗಡಿಯಾರ?" ಅಂತಿದೆ, ಕೆಳಗೆ ಎರಡು ಗೆರೆ.