ಟಿಲ್ಟ್ ಟೇಬಲ್ ಕೊನೆಗೂ ಕೈಗೆ ಹತ್ತಿದ್ದು

ಎಚ್ಚರ ತಪ್ಪಿ ಬೀಳುವವರನ್ನು ಬೆಲ್ಟ್ ಕಟ್ಟಿ ಮಲಗಿಸಿ, ಹಾಗೇ ಓರೆಯಾಗಿ ಎತ್ತಿ ನಿಲ್ಲಿಸಿ, ಬಿಪಿ ಮತ್ತು ಹೃದಯ ಬಡಿತ ನೋಡುವ ಮೇಜೇ ಟಿಲ್ಟ್ ಟೇಬಲ್. "ಅದನ್ನು ನೆಚ್ಚಿಕೊಳ್ಳಬೇಡ. ಅಷ್ಟು ಹೊತ್ತು ನಿಲ್ಲಿಸಿದರೆ ಯಾರಾದರೂ ಬೀಳುತ್ತಾರೆ" ಅಂತ ನನ್ನ ಹಿರಿಯರು ಶುರುವಿನಲ್ಲೇ ಹೇಳಿದ್ದರು. ಮೊದಲ ಆರು ತಿಂಗಳು ಅವರ ಮಾತೇ ನಿಜವಾಯಿತು.

ಫಿಸಿಯೋಥೆರಪಿಯವರ ಹಳೇ ಟೇಬಲ್ ತಂದಿದ್ದೆ, ಸುಮಾರು 45 ಸಾವಿರ. ಕಾಲಿಡುವ ಹಲಗೆ ಅಲುಗಾಡುತ್ತಿತ್ತು, ವೆಲ್ಡಿಂಗ್‌ಗೆ ಇನ್ನೆರಡು ಸಾವಿರ. ಬಡಿತ ಬಡಿತಕ್ಕೂ ಬಿಪಿ ತೋರಿಸುವ ಬೆರಳಿನ ಯಂತ್ರಕ್ಕೆ ದುಡ್ಡಿರಲಿಲ್ಲ, ತೋಳಿನ ಪಟ್ಟಿಯಲ್ಲೇ ನಡೆಸಿದೆ. ರೋಗಿ ಕುಸಿಯುವಾಗ ಪಟ್ಟಿ ಇನ್ನೂ ಗಾಳಿ ತುಂಬಿಕೊಳ್ಳುತ್ತಿರುತ್ತಿತ್ತು. ಬಿಪಿ ಮೊದಲು ಬಿತ್ತೋ, ಹೃದಯ ಮೊದಲು ನಿಂತಿತೋ ಗೊತ್ತೇ ಆಗುತ್ತಿರಲಿಲ್ಲ. ಮೂರನೇ ವರ್ಷ ಏಳು ಲಕ್ಷದ ಹತ್ತಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಯಂತ್ರ ತಂದೆ. ಮನೆಯಲ್ಲಿ ಜಗಳವೇ ಆಯಿತು.

ಇನ್ನೊಂದು ತಪ್ಪು, ಡ್ರಿಪ್ ಸೂಜಿ ಚುಚ್ಚಿ ಐದೇ ನಿಮಿಷಕ್ಕೆ ಎಬ್ಬಿಸುತ್ತಿದ್ದದ್ದು. ಜೀವಮಾನದಲ್ಲಿ ಎಚ್ಚರ ತಪ್ಪದ ನಮ್ಮ ಲ್ಯಾಬ್ ಹುಡುಗ 11ನೇ ನಿಮಿಷಕ್ಕೆ ಬೆವೆತು, ಬಿಳಿಚಿಕೊಂಡು ಬಿದ್ದ. ಸೂಜಿ ಚುಚ್ಚಿದ್ದೇ ಆರೋಗ್ಯವಂತರನ್ನೂ ಬೀಳಿಸಬಹುದು. ಈಗ ಸೂಜಿ ಹಾಕಿದರೆ 20 ನಿಮಿಷ ಮಲಗಿಸಲೇಬೇಕು. ಆಮೇಲೆ 70 ಡಿಗ್ರಿಯಲ್ಲಿ 20 ನಿಮಿಷ, ನಾಲಿಗೆ ಕೆಳಗೆ ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ಸ್ಪ್ರೇ 400 ಮೈಕ್ರೋಗ್ರಾಂ, ಮತ್ತೆ 15 ನಿಮಿಷ. ನಿಂತಿರುವಾಗ ರೋಗಿಯನ್ನು ಹೇಗೆ ಮಾತಾಡಿಸುತ್ತೇನೆ, ಎಲ್ಲಿ ಸುಮ್ಮನಾಗುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಆಮೇಲೆ ಹತ್ತೊಂಬತ್ತರ ಹುಡುಗಿಯೊಬ್ಬಳು ಬಂದಳು. ಎರಡು ವರ್ಷದಿಂದ ಫಿಟ್ಸ್ ಮಾತ್ರೆ ನುಂಗುತ್ತಿದ್ದಳು. ಸ್ಪ್ರೇ ಕೊಟ್ಟು ನಾಲ್ಕು ನಿಮಿಷಕ್ಕೆ ಆಕಳಿಸಿದಳು, ತುಟಿ ಬೆಳ್ಳಗಾಯಿತು. ಇಸಿಜಿ ಗೆರೆ ಒಂಬತ್ತು ಸೆಕೆಂಡ್ ಚಪ್ಪಟೆ. ಕೈ ಎರಡು ಸಲ ಅದುರಿತು. ಟೇಬಲ್ ಇಳಿಸುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ತಾಯಿ "ಇದೇ ಸಾರ್, ಹೀಗೇ ಆಗೋದು!" ಎಂದರು. ಅದು ಫಿಟ್ಸ್ ಅಲ್ಲ, ಹೃದಯ ಕ್ಷಣ ಹೊತ್ತು ನಿಂತು ಎಚ್ಚರ ತಪ್ಪುತ್ತಿದ್ದದ್ದು. ನರರೋಗ ತಜ್ಞರು ಗೆರೆ ನೋಡಿ, ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದರು.

ಹಾಗಂತ ಬಿದ್ದವರಿಗೆಲ್ಲ ಉತ್ತರ ಸಿಕ್ಕಿತು ಅಂದುಕೊಳ್ಳಬೇಡಿ. ಅರವತ್ತು ದಾಟಿದ ಒಬ್ಬರು ಟೇಬಲ್ ಮೇಲೆ ಚೆನ್ನಾಗಿಯೇ ಬಿದ್ದರು. ಎಚ್ಚರವಾದ ಮೇಲೆ, "ಅವತ್ತು ಹೀಗಿರಲಿಲ್ಲ ಡಾಕ್ಟ್ರೇ, ಲೈಟ್ ಆರಿಸಿದ ಹಾಗಾಗಿತ್ತು" ಎಂದರು. ಆ ಒಂದು ಮಾತಿಗೆ ನಾನು ವರದಿಗೆ ಸಹಿ ಹಾಕಲಿಲ್ಲ. ಮೈಮೇಲೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ ಹೋಲ್ಟರ್, ಅದನ್ನು ಎರಡನೇ ಸಲ ಹಾಕಿದಾಗ ಹಾರ್ಟ್ ಬ್ಲಾಕ್, ಅಂದರೆ ಬಡಿತದ ವಿದ್ಯುತ್ ಸಂಕೇತಕ್ಕೆ ತಡೆ, ಸಿಕ್ಕಿತು, ಪೇಸ್‌ಮೇಕರ್ ಹಾಕಿದರು. ಎಚ್ಚರ ತಪ್ಪುವುದರ ಬಗ್ಗೆ ಯುರೋಪಿನ ಹೃದ್ರೋಗ ತಜ್ಞರ 2018ರ ಮಾರ್ಗಸೂಚಿಯಲ್ಲೂ ಇದೇ ಇದೆ ಅಲ್ವಾ? ಹೃದಯದ ಕಾರಣಕ್ಕೆ ಬಿದ್ದವರಲ್ಲೂ ಅರ್ಧದಷ್ಟು ಜನಕ್ಕೆ ಟಿಲ್ಟ್ ಪಾಸಿಟಿವ್, ಅಂದರೆ ಟೇಬಲ್ ಮೇಲೂ ಬೀಳುತ್ತಾರೆ. ಕಾರಣವೇ ತಿಳಿಯದವರಲ್ಲಿ ಮೂರರಲ್ಲಿ ಒಬ್ಬರಿಗೆ. ನೆಗೆಟಿವ್ ಬಂದರೂ ವೇಸೊವೇಗಲ್, ಅಂದರೆ ನರದ ಪ್ರತಿಕ್ರಿಯೆಗೆ ಬಿಪಿ, ಬಡಿತ ಇಳಿದು ಎಚ್ಚರ ತಪ್ಪುವುದು, ಅಲ್ಲ ಅನ್ನೋ ಹಾಗಿಲ್ಲ. ಅದಕ್ಕೇ ನನ್ನ ವರದಿಯ ಮೊದಲ ಸಾಲಿನಲ್ಲಿ ಬಿಪಿ ಇರುವುದಿಲ್ಲ. "ಅವತ್ತೂ ಹೀಗೇ ಇತ್ತಾ?" ಅನ್ನೋ ಪ್ರಶ್ನೆಗೆ ರೋಗಿ ಕೊಟ್ಟ ಉತ್ತರ ಇರುತ್ತದೆ.

ಬೀಳದಂತೆ ತಡೆಯಲು ನಡುವೆ ಅರ್ಧ ಲೀಟರ್ ನೀರು ಕುಡಿಸಿಯೂ ನೋಡಿದೆ. ಕೆಲವರು ಜಾಸ್ತಿ ಹೊತ್ತು ನಿಂತರು, ಕೆಲವರಿಗೆ ಏನೂ ಆಗಲಿಲ್ಲ. ಕಾಲು ಕತ್ತರಿ ಹಾಕಿ ತೊಡೆ ಬಿಗಿಯುವುದು ಅದಕ್ಕಿಂತ ವಾಸಿ, ಪರದೆ ಮೇಲೆ ಬಿಪಿ ಏರುವುದು ಕಾಣುತ್ತದೆ. ಫಿಟ್ಸ್ ಮಾತ್ರೆ ನುಂಗುತ್ತಿದ್ದ ಆ ಹುಡುಗಿಗೆ ಅದನ್ನೇ ಕಲಿಸಿದೆ. ಬಸ್ಸಿನಲ್ಲಿ ನಿಲ್ಲಬೇಕಾದಾಗ ಮಾಡುತ್ತಾಳಂತೆ. ಒಂದೂವರೆ ವರ್ಷದಿಂದ ಬಿದ್ದಿಲ್ಲ.