ಟೈಪ್ ಥಿಯರಿ ತಲೆಗೆ ಹತ್ತಿದ್ದು 300 ಸಾಲು ಕೋಡ್ ಬರೆದ ಮೇಲೆ

ಟೈಪ್ ಥಿಯರಿಯ, ಅಂದರೆ ಪ್ರೋಗ್ರಾಮಿನ ಪ್ರತಿ ಬೆಲೆಯೂ ಯಾವ ಬಗೆಯದು (ಸಂಖ್ಯೆಯೋ, ಪಠ್ಯವೋ) ಎಂದು ತರ್ಕಿಸುವ ಶಾಸ್ತ್ರದ, ನಿಯಮಗಳನ್ನು ಬರೀ ಓದಿದರೆ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ. ಕೋಡ್ ಬರೆಯಲು ಕೂತಾಗಲೇ ಎಲ್ಲಿ ಅರ್ಥವಾಗಿಲ್ಲ ಎಂಬುದು ಗೊತ್ತಾಗುವುದು. ಹಾಗಾಗಿ ಹಿಂಡ್ಲಿ-ಮಿಲ್ನರ್ ಟೈಪ್ ಇನ್ಫರೆನ್ಸನ್ನು (ಟೈಪುಗಳನ್ನು ಬರೆಯದಿದ್ದರೂ ಕೋಡ್ ನೋಡಿಯೇ ಕಂಡುಹಿಡಿಯುವ ಕ್ರಮ) ಪೈಥಾನ್‌ನಲ್ಲಿ ಸುಮಾರು 300 ಸಾಲುಗಳಲ್ಲಿ ಬರೆದೆ. ರಾಬಿನ್ ಮಿಲ್ನರ್ 1978ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಓಕ್ಯಾಮಲ್, ಹ್ಯಾಸ್ಕೆಲ್ ಎಂಬ ಎರಡೂ ಪ್ರೋಗ್ರಾಮಿಂಗ್ ಭಾಷೆಗಳ ಟೈಪ್ ವ್ಯವಸ್ಥೆಯ ಬುಡ ಇಲ್ಲೇ ಇದೆ.

ಪಾರ್ಸರ್ (ಕೋಡಿನ ಪಠ್ಯವನ್ನು ಓದಿ ಬಿಡಿಸುವ ಭಾಗ) ಬರೆಯುವ ಗೋಜಿಗೆ ಹೋಗಬೇಡಿ, ವಾರಗಟ್ಟಲೆ ಅಲ್ಲೇ ಕಳೆದುಹೋಗುತ್ತದೆ. ಸಿಂಟ್ಯಾಕ್ಸ್ ಟ್ರೀಯನ್ನು, ಅಂದರೆ ಪ್ರೋಗ್ರಾಮಿನ ರಚನೆ ತೋರಿಸುವ ಮರವನ್ನು, ಕೈಯಾರೆ ಕಟ್ಟಿಕೊಂಡರೆ ಸಾಕು. ಟೈಪ್ ಕಂಡುಹಿಡಿಯಬೇಕಾದ ಪುಟ್ಟ ಭಾಷೆಗೂ ಐದೇ ರೂಪ: ವೇರಿಯಬಲ್, ಕಾನ್‌ಸ್ಟಂಟ್, ಫಂಕ್ಷನ್, ಫಂಕ್ಷನ್ ಕಾಲ್, ಲೆಟ್ (ಒಂದು ಬೆಲೆಗೆ ಹೆಸರಿಡುವುದು). ಗೊತ್ತಿಲ್ಲದ ಪ್ರತಿ ಟೈಪಿಗೂ ಕ, ಖ ಎಂದು ಹೊಸ ಹೆಸರು ಕೊಟ್ಟು, ಬೀಜಗಣಿತದ ಸಮೀಕರಣ ಬಿಡಿಸಿದಂತೆ ಬಿಡಿಸುತ್ತಾ ಹೋಗುವುದು. ಈ ಬಿಡಿಸುವ ಕೆಲಸವೇ ಯೂನಿಫಿಕೇಶನ್.

ಮೊದಲ ತಪ್ಪು ಆಗುವುದು ಇಲ್ಲೇ. ಕ ಈಗಾಗಲೇ ಇಂಟ್ (ಪೂರ್ಣಾಂಕ) ಆಗಿದೆಯೇ ಎಂದು ನೋಡದೆ ಹೋಲಿಸಿದರೆ ಅದರ ಮೇಲೆ ಬೂಲಿಯನ್ (ನಿಜ/ಸುಳ್ಳು) ಬಂದು ಕೂರುತ್ತದೆ, ತಪ್ಪು ಪ್ರೋಗ್ರಾಂ ಸಲೀಸಾಗಿ ಪಾಸಾಗುತ್ತದೆ. ಹೋಲಿಸುವ ಮುನ್ನ ಎರಡೂ ಕಡೆಯ ಹೆಸರುಗಳು ಯಾವುದಕ್ಕೆ ಸೇರಿವೆ ಎಂಬ ಕೊಂಡಿಗಳನ್ನು ಕೊನೆಯವರೆಗೂ ಹಿಂಬಾಲಿಸಲೇಬೇಕು. ಎರಡನೆಯದು ಆಕರ್ಸ್ ಚೆಕ್. ಒಂದು ಫಂಕ್ಷನ್ನಿಗೆ ಅದನ್ನೇ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಕ = ಕ → ಖ (ಬಾಣ ಎಂದರೆ ಕ ತೆಗೆದುಕೊಂಡು ಖ ಕೊಡುವ ಫಂಕ್ಷನ್) ಎಂಬ ಸಮೀಕರಣ ಹುಟ್ಟುತ್ತದೆ. ಎಡಗಡೆಯ ಕ ಬಲಗಡೆಯ ಹೊಟ್ಟೆಯಲ್ಲೂ ಇದೆಯೇ ಎಂದು ಪರೀಕ್ಷಿಸದಿದ್ದರೆ, ಆ ಟೈಪನ್ನು ಪ್ರಿಂಟ್ ಮಾಡಹೊರಟಾಗ ರಿಕರ್ಶನ್ ನಿಲ್ಲುವುದೇ ಇಲ್ಲ.

ನನ್ನನ್ನು ಹೆಚ್ಚು ಸತಾಯಿಸಿದ್ದು ಲೆಟ್. ಅದರಲ್ಲಿ ಹುಟ್ಟಿದ ಟೈಪಿನ ಹೆಸರುಗಳನ್ನು 'ಯಾವುದಕ್ಕಾದರೂ ಸೈ' ಎಂದು ಸಾಮಾನ್ಯೀಕರಿಸಬೇಕು, ಆದರೆ ಹೊರಗಿನ ಎನ್ವಿರಾನ್‌ಮೆಂಟಿನಲ್ಲಿ (ಸುತ್ತಲಿನ ವೇರಿಯಬಲ್‌ಗಳು ಮತ್ತು ಅವುಗಳ ಟೈಪುಗಳ ಪಟ್ಟಿಯಲ್ಲಿ) ಇನ್ನೂ ತೀರ್ಮಾನವಾಗದೆ ಉಳಿದವನ್ನು ಮುಟ್ಟುವಂತಿಲ್ಲ. ಇದನ್ನು ಮರೆತರೆ ಎಕ್ಸ್ ತೆಗೆದುಕೊಂಡು, ಒಳಗೆ ಲೆಟ್ ವೈ = ಎಕ್ಸ್ ಎಂದು ಬರೆದು, ವೈ ಹಿಂದಿರುಗಿಸುವ ಫಂಕ್ಷನ್ನಿಗೆ ಕ → ಖ ಎಂಬ ಟೈಪ್ ಬರುತ್ತದೆ. ಅಂದರೆ ಇಂಟ್ ಕೊಟ್ಟು ಸ್ಟ್ರಿಂಗ್ ಪಡೆಯಬಹುದು ಎಂದಾಯಿತು! ನಾನು ಮೊದಲು ಬರೆಯುವ ಟೆಸ್ಟ್ ಈಗಲೂ ಇದೇ.

ಆಮೇಲೆ ರೆಫ್, ಅಂದರೆ ಒಳಗಿನ ಬೆಲೆಯನ್ನು ಬದಲಿಸಬಹುದಾದ ಡಬ್ಬಿ, ಸೇರಿಸಿ ನೋಡಿ. ಥಿಯರಿಯ ಸ್ವಾರಸ್ಯವೆಲ್ಲ ಅಲ್ಲಿದೆ. ಖಾಲಿ ಲಿಸ್ಟ್ ಇಟ್ಟ ರೆಫ್ಫನ್ನು ಸಾಮಾನ್ಯೀಕರಿಸಿದರೆ, ಒಂದು ಸಾಲಿನಲ್ಲಿ ಇಂಟ್ ಲಿಸ್ಟ್ ತುಂಬಿ ಮುಂದಿನ ಸಾಲಿನಲ್ಲಿ ಅದನ್ನೇ ಬೂಲಿಯನ್ ಲಿಸ್ಟ್ ಎಂದು ಓದಬಹುದು. ಪರಿಹಾರವನ್ನು ಆಂಡ್ರೂ ರೈಟ್ 1995ರಲ್ಲಿ ಕೊಟ್ಟರು: ಲೆಟ್‌ನ ಬಲಗಡೆ ಫಂಕ್ಷನ್, ಕಾನ್‌ಸ್ಟಂಟ್‌ನಂಥ ಸಿದ್ಧ ಬೆಲೆ ಇದ್ದರೆ ಮಾತ್ರ ಸಾಮಾನ್ಯೀಕರಿಸಿ. ಓಕ್ಯಾಮಲ್‌ನಲ್ಲಿ ಟೈಪಿನ ಜಾಗದಲ್ಲಿ 'ವೀಕ್1' (ಸಾಮಾನ್ಯೀಕರಿಸದ, ಇನ್ನೂ ತೀರ್ಮಾನವಾಗದ ಟೈಪ್) ಎಂದು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಜಾವಾದಲ್ಲಿ ಕೆಲಸ ಮಾಡುವವರೂ ಇದೇ ತೂತನ್ನು ದಿನವೂ ನೋಡುತ್ತಾರೆ. ಸ್ಟ್ರಿಂಗ್ ಅರೇಯನ್ನು ಆಬ್ಜೆಕ್ಟ್ ಅರೇ ಎಂದು ಕರೆದು ಒಳಗೆ ಇಂಟಿಜರ್ ಇಟ್ಟರೆ ಕಂಪೈಲರ್ ಸುಮ್ಮನಿರುತ್ತದೆ, ಓಡಿಸಿದಾಗ ಅರೇಸ್ಟೋರ್‌ಎಕ್ಸೆಪ್ಶನ್ ಬೀಳುತ್ತದೆ. 2004ರಲ್ಲಿ ಜೆನೆರಿಕ್ಸ್ (ಲಿಸ್ಟ್‌ನಂಥವುಗಳ ಒಳಗಿನ ಟೈಪನ್ನು ಹೇಳುವ ಸೌಲಭ್ಯ) ಬಂದಾಗ ಲಿಸ್ಟ್‌ಗೆ ಈ ಸಲಿಗೆ ಕೊಡಲಿಲ್ಲ. ಬರೀ ಓದುವುದಾದರೆ ಸ್ಟ್ರಿಂಗ್ ಲಿಸ್ಟನ್ನು ಆಬ್ಜೆಕ್ಟ್ ಲಿಸ್ಟ್ ಎಂದುಕೊಂಡರೆ ನಷ್ಟವಿಲ್ಲ, ಬರೆಯಲೂ ಬಿಟ್ಟರೆ ಕೆಡುತ್ತದೆ. ರೆಫ್‌ನ ಪಾಠ ಗೊತ್ತಿದ್ದವರಿಗೆ 'ಎಕ್ಸ್‌ಟೆಂಡ್ಸ್' ವೈಲ್ಡ್‌ಕಾರ್ಡ್ ('ಈ ಟೈಪ್ ಅಥವಾ ಇದರ ಯಾವುದೋ ಉಪಟೈಪ್' ಎಂಬ ಗುರುತು) ಇರುವ ಲಿಸ್ಟ್‌ಗೆ ಆ್ಯಡ್ ಮಾಡಲು ಏಕೆ ಬರುವುದಿಲ್ಲ ಎಂಬುದನ್ನು ಬಾಯಿಪಾಠ ಮಾಡಬೇಕಿಲ್ಲ.

ಟೈಪುಗಳನ್ನು ಸೇರಿಸಿದ ಜಾವಾಸ್ಕ್ರಿಪ್ಟ್ ಆದ ಟೈಪ್‌ಸ್ಕ್ರಿಪ್ಟ್ ಇನ್ನೂ ಸಡಿಲ. ನಂಬರ್ ಅರೇಯನ್ನು 'ನಂಬರ್ ಅಥವಾ ಸ್ಟ್ರಿಂಗ್' ಅರೇ ಎಂದು ಒಪ್ಪಿಕೊಳ್ಳುತ್ತದೆ, ಅದಕ್ಕೆ ಸ್ಟ್ರಿಂಗ್ ಪುಶ್ ಮಾಡಿದರೆ ಓಡುವಾಗಲೂ ದೂರುವುದಿಲ್ಲ. ಅದಕ್ಕೇ ಬರೀ ಓದುವ ಅರೇ ಪ್ಯಾರಾಮೀಟರುಗಳಿಗೆಲ್ಲ ರೀಡ್‌ಓನ್ಲಿ (ಬದಲಿಸುವಂತಿಲ್ಲ ಎಂಬ ಗುರುತು) ಹಾಕುತ್ತೇನೆ. ಹಳೆಯ ಕೋಡಿನಲ್ಲಾದರೆ ಬೇರೆ ಯಾರನ್ನೂ ಕರೆಯದ, ತೀರಾ ಒಳಗಿನ ಫಂಕ್ಷನ್‌ಗಳಿಂದ ಶುರು ಮಾಡಿ. ಹೊರಗಿನಿಂದ ಹೊರಟರೆ, ರೀಡ್‌ಓನ್ಲಿ ಅರೇಯನ್ನು ಮಾಮೂಲಿ ಅರೇ ಬೇಡುವ ಫಂಕ್ಷನ್ನಿಗೆ ಕೊಟ್ಟ ಕಡೆಯಲ್ಲೆಲ್ಲ ಎರರ್ ಬರುತ್ತದೆ.