ಚಿಕಾಗೋಗೆ ಹೊಸದಾಗಿ ಬಂದವರಿಗೆ: ಚಳಿಗಾಲಕ್ಕೆ ಮುನ್ನ ಬಹುವಾರ್ಷಿಕ ಹೂಗಿಡಗಳ ಆರೈಕೆ

ನೇಪರ್‌ವಿಲ್, ಅರೋರಾ, ಶಾಂಬರ್ಗ್‌ನಂತಹ ಚಿಕಾಗೋ ಉಪನಗರಗಳಲ್ಲಿ ಹಿತ್ತಲಿರುವ ಮನೆಗೆ ಬಂದ ನಮ್ಮವರಲ್ಲಿ ಹಲವರು, ಅಕ್ಟೋಬರ್ ಬಂತೆಂದರೆ ಊರಿನ ಅಭ್ಯಾಸದಂತೆ ಕತ್ತರಿ ಹಿಡಿದು ಗುಲಾಬಿಯನ್ನು ಸವರಿ, ಬುಡ ಬಿಡಿಸಿ, ಗೊಬ್ಬರ ಹಾಕುತ್ತಾರೆ. ಬೆಂಗಳೂರಿನಲ್ಲಿ ಅದು ಸರಿಯಾದ ಕಾಲ. ಮಳೆ ಹಿಂದೆಗೆದ ಮೇಲೆ ಸವರಿದ ಗಿಡ ಚಿಗುರೊಡೆದು ಡಿಸೆಂಬರ್ ಹೊತ್ತಿಗೆ ಮೈತುಂಬ ಹೂ ಬಿಡುತ್ತದೆ. ಇಲ್ಲಿ ಅದೇ ಕೆಲಸ ಗಿಡಕ್ಕೆ ಕೇಡು. ಸವರಿದ ಗಿಡ ಎಳೆಚಿಗುರು ಹೊರಡಿಸುತ್ತದೆ, ಆ ಚಿಗುರು ಬಲಿಯುವ ಮುನ್ನವೇ ಫ್ರಾಸ್ಟ್, ಅಂದರೆ ಇಬ್ಬನಿಯೇ ಹೆಪ್ಪುಗಟ್ಟುವಂಥ ರಾತ್ರಿಯ ಚಳಿ, ಅದನ್ನು ಸುಡುತ್ತದೆ, ಚಳಿಗಾಲಕ್ಕೆಂದು ಗಿಡ ಕೂಡಿಟ್ಟುಕೊಂಡ ಶಕ್ತಿಯೆಲ್ಲ ವ್ಯರ್ಥವಾಗುತ್ತದೆ. ಆದ್ದರಿಂದ ಗೊಬ್ಬರವನ್ನು ಆಗಸ್ಟ್ ತಿಂಗಳಲ್ಲೇ ನಿಲ್ಲಿಸಿ, ಗುಲಾಬಿಯ ಕತ್ತರಿಯನ್ನು ವಸಂತದವರೆಗೆ ಒಳಗಿಡಿ.

ಗಿಡ ಕೊಳ್ಳುವಾಗ ಅದರ ಚೀಟಿಯಲ್ಲಿರುವ ವಲಯದ ಸಂಖ್ಯೆಯನ್ನು ಮೊದಲು ನೋಡಿ. ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಪರಿಷ್ಕರಿಸಿದ ನಕ್ಷೆಯಂತೆ ಈ ಭಾಗದ ಹೆಚ್ಚಿನ ಉಪನಗರಗಳು 6ಎ ವಲಯಕ್ಕೆ ಸೇರುತ್ತವೆ, ಅಂದರೆ ವರ್ಷದ ಅತಿ ಚಳಿಯ ರಾತ್ರಿಯ ಉಷ್ಣಾಂಶ ಸರಾಸರಿ ಮೈನಸ್ 10ರಿಂದ ಮೈನಸ್ 5 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಇಳಿಯುತ್ತದೆ. ಚೀಟಿಯಲ್ಲಿ 6 ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆಯಿದ್ದರೆ ಆ ಗಿಡ ಇಲ್ಲಿ ಬಹುವಾರ್ಷಿಕ. 8 ಅಥವಾ 9 ಎಂದಿದ್ದರೆ ಅದು ಊರಿನಲ್ಲಿ ಎಷ್ಟೇ ವರ್ಷ ಬಾಳಿದರೂ ಇಲ್ಲಿ ಹೊರಗೆ ಉಳಿಯುವುದಿಲ್ಲ. ಮಲ್ಲಿಗೆ, ತುಳಸಿ ಮತ್ತು ನಮ್ಮ ದಾಸವಾಳದ ಕುಂಡಗಳನ್ನು ರಾತ್ರಿಯ ಉಷ್ಣಾಂಶ 50 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ, ಎಲೆಯ ಹಿಂಬದಿಯಲ್ಲಿ ಹೇನು, ಬಿಳಿನೊಣ ಇಲ್ಲವೆಂದು ಖಚಿತಪಡಿಸಿಕೊಂಡು, ಒಳಗೆ ತಂದಿರಬೇಕು.

ಮೊದಲ ಫ್ರಾಸ್ಟ್ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯಭಾಗದಲ್ಲಿ ಬರುತ್ತದೆ. ಮಿಶಿಗನ್ ಸರೋವರಕ್ಕೆ ಹತ್ತಿರವಿರುವವರಿಗೆ ಇನ್ನಷ್ಟು ತಡವಾಗಿ. ಎಲೆ ಕಪ್ಪಾಗಿ ಕಾಂಡ ಬಾಗಿದಾಗ ಗಿಡ ಸತ್ತಿತೆಂದು ಕಿತ್ತೆಸೆಯಬೇಡಿ. ಜೀವವಿರುವುದು ಬೇರಿನಲ್ಲಿ ಮತ್ತು ಮಣ್ಣಿನ ಮಟ್ಟದಲ್ಲಿರುವ ಮೊಗ್ಗುಗಳಲ್ಲಿ. ಈ ಋತುವಿನ ಕೆಲಸವೆಲ್ಲ ಅವುಗಳನ್ನು ಕಾಯುವುದಕ್ಕಾಗಿ.

ಕತ್ತರಿಸಲೇಬೇಕಾದವು ಕೆಲವೇ, ಅವುಗಳಿಗೆ ಕಾರಣವೂ ಸ್ಪಷ್ಟ. ಪಿಯೋನಿಯ ಎಲೆಯಲ್ಲಿ ಬೂದಿರೋಗವೂ, ಮುಂದಿನ ವರ್ಷದ ಮೊಗ್ಗನ್ನು ಕೆಡಿಸುವ ಬೂಷ್ಟೂ ಉಳಿದುಕೊಳ್ಳುತ್ತವೆ, ಆದ್ದರಿಂದ ಫ್ರಾಸ್ಟ್ ಆದ ಮೇಲೆ ಅದನ್ನು ನೆಲಮಟ್ಟಕ್ಕೆ ಕತ್ತರಿಸಿ. ಐರಿಸ್‌ನ ಗೆಡ್ಡೆ ಕೊರೆಯುವ ಹುಳುವಿನ ಪತಂಗ ಶರತ್ಕಾಲದಲ್ಲಿ ಅದರ ಹಳೆಯ ಎಲೆಗಳ ಮೇಲೆಯೇ ಮೊಟ್ಟೆಯಿಡುವುದರಿಂದ ಆ ಎಲೆಗಳನ್ನು ತೆಗೆದು ಹೊರಹಾಕಬೇಕು. ಬೂದಿರೋಗ ತಗುಲಿದ ಫ್ಲಾಕ್ಸ್, ಬೀ ಬಾಮ್ ಗಿಡಗಳಿಗೂ ಇದೇ ಕ್ರಮ. ಹೋಸ್ಟಾದ ಎಲೆ ಕೊಳೆತು ಚಿಪ್ಪಿಲ್ಲದ ಬಸವನಹುಳುಗಳಿಗೆ (ಸ್ಲಗ್) ಆಶ್ರಯವಾಗುವ ಮೊದಲು ಅದನ್ನೂ ತೆಗೆಯಿರಿ. ರೋಗದ ಕಸವನ್ನು ಮನೆಯ ಕಾಂಪೋಸ್ಟ್‌ಗೆ ಸೇರಿಸಬಾರದು. ಅಲ್ಲಿ ರೋಗಾಣು ಸಾಯುವಷ್ಟು ಬಿಸಿ ಹುಟ್ಟುವುದಿಲ್ಲ. ಇಲಿನಾಯ್‌ನಲ್ಲಿ 1990ರ ಜುಲೈ 1ರಿಂದ ತೋಟದ ಕಸವನ್ನು ಕಸ ಹೂಳುವ ತಾಣವಾದ ಲ್ಯಾಂಡ್‌ಫಿಲ್‌ಗೆ ಕಳಿಸುವುದು ನಿಷಿದ್ಧವಾಗಿರುವುದರಿಂದ, ಅದನ್ನು ಮನೆಗಸದ ಜೊತೆ ಬೆರೆಸದೆ ಕಾಗದದ ಚೀಲಗಳಲ್ಲಿ ತುಂಬಿ ನಿಮ್ಮ ಊರಿನ ನಿಯಮದಂತೆ ಇಡಬೇಕು.

ಉಳಿದ ಹೆಚ್ಚಿನವನ್ನು ನಿಂತಲ್ಲೇ ಬಿಡುವುದು ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. ಕೋನ್‌ಫ್ಲವರ್, ರುಡ್ಬೆಕಿಯಾಗಳ ಬೀಜವನ್ನು ಗೋಲ್ಡ್‌ಫಿಂಚ್ ಹಕ್ಕಿಗಳು ಚಳಿಗಾಲದುದ್ದಕ್ಕೂ ತಿನ್ನುತ್ತವೆ, ಟೊಳ್ಳಾದ ಕಾಂಡಗಳಲ್ಲಿ ಸಣ್ಣ ಕಾಡುಜೇನುಗಳು ತಂಗುತ್ತವೆ, ನಿಂತ ಕಡ್ಡಿಗಳು ಹಿಮವನ್ನು ಹಿಡಿದಿಟ್ಟು ಬೇರಿಗೆ ಹೊದಿಕೆಯಾಗಿಸುತ್ತವೆ. ಒಣಗಿದ ತೋಟವೂ ಸುಂದರವಾಗಿರಬಲ್ಲದೇ ಎಂಬ ಅನುಮಾನವಿದ್ದವರು ಜನವರಿಯಲ್ಲಿ ಮಿಲೇನಿಯಂ ಪಾರ್ಕಿನ ಲೂರಿ ಗಾರ್ಡನ್‌ಗೆ ಹೋಗಿ ನೋಡಬೇಕು. 2004ರಲ್ಲಿ ತೆರೆದ ಆ ತೋಟದ ಗಿಡಗಳನ್ನು ಆಯ್ದು ಜೋಡಿಸಿದವರು ನೆದರ್ಲೆಂಡ್ಸ್‌ನ ಪೀಟ್ ಔಡಾಲ್ಫ್, ಅಲ್ಲಿ ಗಿಡಗಳನ್ನು ಚಳಿಗಾಲ ಮುಗಿಯುವವರೆಗೆ ಕತ್ತರಿಸದೆ ಬಿಡುತ್ತಾರೆ. ನಿಮ್ಮ ಬಡಾವಣೆಯ ಸಂಘ ಅಂಗಳದ ಅಚ್ಚುಕಟ್ಟಿನ ಬಗ್ಗೆ ಕಟ್ಟುನಿಟ್ಟಾಗಿದ್ದರೆ ಮನೆಯ ಮುಂದಿನದನ್ನು ಮಾತ್ರ ಕತ್ತರಿಸಿ, ಹಿತ್ತಲಿನದನ್ನು ಉಳಿಸಿ. ದೊಡ್ಡೆಲೆಯ ಹೈಡ್ರೇಂಜಾವನ್ನಂತೂ ಮುಟ್ಟಬೇಡಿ, ಮುಂದಿನ ಬೇಸಿಗೆಯ ಮೊಗ್ಗು ಈಗಾಗಲೇ ಅದರ ಹಳೆಯ ಕೊಂಬೆಯಲ್ಲಿದೆ.

ಸೇವಂತಿಗೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ದಸರೆ, ದೀಪಾವಳಿಯ ಪೂಜೆಗೆಂದು ನಮ್ಮವರೆಲ್ಲ ಕೊಳ್ಳುವುದು ಅದನ್ನೇ. ಸೆಪ್ಟೆಂಬರಿನಲ್ಲಿ ಅಂಗಡಿಗಳ ಮುಂದೆ ರಾಶಿಯಾಗುವ ಕುಂಡಗಳನ್ನು ಒಂದು ಋತುವಿನ ಅಲಂಕಾರಕ್ಕೆಂದು ಬೆಳೆಸಿರುತ್ತಾರೆ. ಹೂ ಮುಗಿದ ಮೇಲೆ ನೆಲಕ್ಕಿಟ್ಟರೆ ಬೇರು ಹರಡಲು ಸಮಯವೇ ಸಿಗದು. ವರ್ಷವರ್ಷವೂ ಬರುವ ಸೇವಂತಿಗೆ ಬೇಕಿದ್ದರೆ ಚಳಿ ತಡೆಯುವ ತಳಿಯನ್ನು ವಸಂತದಲ್ಲಿ, ನೀರು ನಿಲ್ಲದ ಜಾಗದಲ್ಲಿ ನೆಡಿ. ಶರತ್ಕಾಲದಲ್ಲಿ ಒಣಗಿದ ಕಾಂಡವನ್ನು ಕತ್ತರಿಸದೆ ಹಾಗೆಯೇ ಉಳಿಸಿ, ನೆಲ ಹೆಪ್ಪುಗಟ್ಟಿದ ಮೇಲೆ ಬುಡಕ್ಕೆ ಹೊದಿಕೆ ಹಾಕಿ.

ಡೇಲಿಯಾ, ಕಾಬಾಳೆ, ಸುಗಂಧರಾಜಗಳ ಗೆಡ್ಡೆಗಳು ಈ ನೆಲದಲ್ಲಿ ಚಳಿಗಾಲ ಕಳೆಯಲಾರವು. ಫ್ರಾಸ್ಟ್‌ನಿಂದ ಡೇಲಿಯಾದ ಎಲೆ ಕಪ್ಪಾದ ಕೂಡಲೇ ಕಾಂಡ ಕತ್ತರಿಸಿ, ಗೆಡ್ಡೆ ಗಾಯಗೊಳ್ಳದಂತೆ ಅಗೆದು, ಮಣ್ಣು ಕೊಡವಿ, ಆರಿಸಿ, ಸ್ವಲ್ಪವೇ ತೇವವಿರುವ ಪೀಟ್ ಮಾಸ್ ಅಥವಾ ವರ್ಮಿಕ್ಯುಲೈಟ್‌ನಲ್ಲಿ ಹುದುಗಿಸಿ, 40ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಇರುವ ಕತ್ತಲ ಮೂಲೆಯಲ್ಲಿಡಿ. ತಿಂಗಳಿಗೊಮ್ಮೆ ನೋಡಿ, ಕೊಳೆತದ್ದನ್ನು ತೆಗೆಯಿರಿ.

ನೆಲ ಹೆಪ್ಪುಗಟ್ಟುವವರೆಗೂ, ಮಳೆಯಿಲ್ಲದ ವಾರಗಳಲ್ಲಿ, ಅದೇ ವರ್ಷ ನೆಟ್ಟ ಗಿಡಗಳಿಗೆ ನೀರು ಬೇಕು. ಹೊದಿಕೆಯ ವಿಷಯದಲ್ಲಿ ಆತುರ ಸಲ್ಲದು. ಅದರ ಉದ್ದೇಶ ಮಣ್ಣನ್ನು ಬೆಚ್ಚಗಿಡುವುದಲ್ಲ, ಹೆಪ್ಪುಗಟ್ಟಿದ ಮಣ್ಣು ಹಾಗೆಯೇ ಇರುವಂತೆ ನೋಡಿಕೊಳ್ಳುವುದು. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಮಣ್ಣು ಉಬ್ಬಿ, ಬೇರು ಇನ್ನೂ ಭದ್ರವಾಗದ ಗಿಡವನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ಆದ್ದರಿಂದ ನವೆಂಬರ್ ಕೊನೆಯಲ್ಲೋ ಡಿಸೆಂಬರಿನಲ್ಲೋ, ಮೊವರ್‌ನಿಂದ ಪುಡಿಮಾಡಿದ ಒಣಎಲೆಗಳನ್ನು ಎರಡು ಮೂರು ಅಂಗುಲ ಹರಡಿ, ಬುಡಕ್ಕೆ ಒತ್ತದಂತೆ ಬಿಡಿ. ಪುಡಿಮಾಡದ ಇಡಿಯ ಎಲೆಗಳು ಒದ್ದೆಯಾಗಿ ಚಪ್ಪಟೆಗಟ್ಟಿ ಗಾಳಿಯನ್ನು ತಡೆಯುತ್ತವೆ.

ಕಡ್ಡಿ ಕತ್ತರಿಸುವ ಮೊದಲು, ತಡವಾಗಿ ಚಿಗುರುವ ಗಿಡಗಳ ಪಕ್ಕದಲ್ಲಿ ಹೆಸರಿನ ಗುರುತೊಂದನ್ನು ನೆಡಿ. ಈ ದೇಶದ ಮೂಲದ, ತಟ್ಟೆಯಗಲ ಹೂ ಬಿಡುವ ಹಾರ್ಡಿ ದಾಸವಾಳ ಪ್ರತಿ ವರ್ಷ ನೆಲದವರೆಗೂ ಒಣಗಿ, ಉಳಿದೆಲ್ಲ ಗಿಡಗಳು ಹಸಿರಾದ ಮೇಲೆ, ಮೇ ತಿಂಗಳ ಕೊನೆಯ ಹೊತ್ತಿಗೆ ಮೊಳಕೆ ತೋರಿಸುತ್ತದೆ. ಗುರುತಿಲ್ಲದಿದ್ದರೆ ಖಾಲಿ ಜಾಗವೆಂದು ಅಲ್ಲಿ ಗುದ್ದಲಿ ಹಾಕಿಬಿಡುವ ಸಾಧ್ಯತೆಯೇ ಹೆಚ್ಚು.